ಗೋರಿಯೂ ಬಾವಡಿಯೂ: ವಿಜಯಪುರದಲ್ಲಿ ಒಂದು ದಿನ

ಭೂಮಿಯಲ್ಲಿ ಸಂಚರಿಸಿ, ಗತಿಸಿಹೋದ ಜನಾಂಗಗಳ ಪರಿಣಾಮವನ್ನು ಕಣ್ಣಾರೆ ಕಂಡು ಪಾಠ ಕಲಿಯಬೇಕೆಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಪ್ರೇರೇಪಿಸುತ್ತದೆ. ಹಾಗಾಗಿ ಸತ್ಯವಿಶ್ವಾಸಿಗೆ ಪ್ರವಾಸವೂ ಒಂದು ಪಾಠಶಾಲೆ. ಆದರೆ ನಮ್ಮ ನಾಡಿನ ಚಾರಿತ್ರಿಕ ನಗರಗಳಿಗೆ ಮಕ್ಕಳನ್ನು ಕರೆದೊಯ್ಯುವಾಗ ಈ ಮಾತು ನಮಗೆ ಎಷ್ಟು ಸಲ ನೆನಪಾಗುತ್ತದೆ? ಕಟ್ಟಡವನ್ನು ನೋಡುತ್ತೇವೆ, ಫೋಟೊ ತೆಗೆಯುತ್ತೇವೆ, ನಮ್ಮವರು ಕಟ್ಟಿದ್ದು ಎಂದು ಒಂದಿಷ್ಟು ಹೆಮ್ಮೆಪಡುತ್ತೇವೆ, ಊರಿಗೆ ಮರಳುತ್ತೇವೆ. ಕಟ್ಟಿದವರು ಯಾಕಾಗಿ ಕಟ್ಟಿದರು, ಅದರಲ್ಲಿ ಅವರಿಗೆ ಇಂದು ಉಪಯೋಗಕ್ಕೆ ಬರುವಂಥದ್ದು ಯಾವುದು ಎಂಬ ಪ್ರಶ್ನೆ ಕೇಳದೆಯೇ ಉಳಿದುಬಿಡುತ್ತದೆ.

ಕಳೆದ ಚಳಿಗಾಲದಲ್ಲಿ ನಾವು ಕೆಲವು ಕುಟುಂಬದವರು ಹಿರಿಯರು, ಮಕ್ಕಳೊಂದಿಗೆ ವಿಜಯಪುರಕ್ಕೆ ಹೋಗಿದ್ದೆವು. 2014ರಲ್ಲಿ ಸರಕಾರ ಹೆಸರು ಬದಲಿಸಿದ್ದರೂ ನಮ್ಮ ಹಿರಿಯರ ಬಾಯಲ್ಲಿ ಅದು ಇಂದಿಗೂ ಬಿಜಾಪುರವೇ. ಇದ್ದದ್ದು ಒಂದೇ ದಿನ. ಊರು ತೋರಿಸಲು ನಮ್ಮೊಂದಿಗೆ ಬಂದವರು ಅದೇ ನಗರದಲ್ಲಿ ಹುಟ್ಟಿ ಬೆಳೆದ ವೃದ್ಧ ಮಾರ್ಗದರ್ಶಕರು. ಕನ್ನಡವನ್ನೂ ದಖ್ಖನಿಯನ್ನೂ ಒಂದೇ ಸಲೀಸಿನಿಂದ ಆಡುವ ಅವರನ್ನು ಮಕ್ಕಳು ಅರ್ಧ ಗಂಟೆಯೊಳಗೆ 'ಚಾಚಾ' ಎಂದು ಕರೆಯತೊಡಗಿದರು. ಮೊದಲು ಎಲ್ಲಿಗೆ ಎಂದು ಕೇಳಿದಾಗ ಅವರು, "ಸೂರ್ಯಾ ಹೋದಂಗ ನಾವೂ ಹೋಗೋಣ್ರಿ, ಮೂಡಣದಿಂದ ಪಡುವಣಕ್ಕ" ಎಂದರು. ಪೂರ್ವದ ಗೋಲ ಗುಂಬಜದಿಂದ ಆರಂಭಿಸಿ ಪಶ್ಚಿಮದ ಇಬ್ರಾಹೀಂ ರೋಜಾದಲ್ಲಿ ಮುಗಿಸುವುದು ಅವರ ಕ್ರಮ. ಆ ದಿನ ನಾವು ನಡೆದದ್ದೆಲ್ಲ ಕಿಬ್ಲಾದ ದಿಕ್ಕಿಗೆ ಎಂಬುದು ನಮಗೆ ಹೊಳೆದದ್ದು ಸಂಜೆಯ ಹೊತ್ತಿಗೆ.

ವಿಜಯಪುರದ ಕಥೆಯ ಹಿನ್ನೆಲೆಯನ್ನು ಮೊದಲು ಚುಟುಕಾಗಿ ಹೇಳಬೇಕು. ಬಹಮನಿ ರಾಜ್ಯ ಶಿಥಿಲವಾಗುತ್ತಿದ್ದ 15ನೆಯ ಶತಮಾನದ ಕೊನೆಯಲ್ಲಿ ಇಲ್ಲಿನ ಅಧಿಪತಿಯಾಗಿದ್ದ ಯೂಸುಫ್ ಆದಿಲ್ ಖಾನ್ ಸ್ವತಂತ್ರರಾದರು. ಅವರಿಂದ ಆರಂಭವಾದ ಆದಿಲ್ ಶಾಹಿ ಮನೆತನದಲ್ಲಿ ಒಂಬತ್ತು ಮಂದಿ ಆಳಿದರು. 1686ರಲ್ಲಿ ಔರಂಗಝೇಬರ ಸೇನೆ ನಗರವನ್ನು ವಶಪಡಿಸಿಕೊಂಡಾಗ ಆ ಆಳ್ವಿಕೆ ಮುಗಿಯಿತು. ಸುಮಾರು 200 ವರ್ಷಗಳ ಈ ಅವಧಿಯಲ್ಲಿ, ವಿಶೇಷವಾಗಿ ಅದರ ಕೊನೆಯ 120 ವರ್ಷಗಳಲ್ಲಿ, ಈ ಬಯಲುಸೀಮೆಯ ಊರು ಕೋಟೆ, ಮಸೀದಿ, ಅರಮನೆ, ಗುಮ್ಮಟ ಮತ್ತು ಬಾವಡಿಗಳ ಮಹಾನಗರವಾಗಿ ಬೆಳೆಯಿತು.

ಗುಮ್ಮಟದ ಕೆಳಗೆ

ಗೋಲ ಗುಂಬಜದ ಅಂಗಳಕ್ಕೆ ಕಾಲಿಟ್ಟಾಗ ಬೆಳಗಿನ ಹತ್ತು ಗಂಟೆ. ಅಂಕಿಗಳು ಎಲ್ಲರಿಗೂ ತಿಳಿದಿರುವಂಥವೇ. ಪ್ರತಿ ಬದಿಯೂ ಸುಮಾರು 47 ಮೀಟರ್ ಇರುವ ಚೌಕಾಕಾರದ ಕಟ್ಟಡ, ಅದರ ಮೇಲೆ ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸದ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಅಷ್ಟಕೋನ ಗೋಪುರಗಳು. ಒಳಗೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಕತ್ತರಿಸಿ ಸಾಗುವ ಎಂಟು ಕಮಾನುಗಳು ಚೌಕವನ್ನು ಮೇಲೇರಿದಂತೆ ವೃತ್ತವಾಗಿ ಬದಲಿಸಿ, ಆ ಅಪಾರ ಭಾರವನ್ನು ಗೋಡೆಗಳಿಗೆ ಇಳಿಸುತ್ತವೆ. ಯಂತ್ರಗಳಿಲ್ಲದ ಕಾಲದಲ್ಲಿ ಕಲ್ಲು, ಇಟ್ಟಿಗೆ, ಗಾರೆಯಿಂದ ಇದನ್ನು ನಿಲ್ಲಿಸಿದ ಕಸುಬುದಾರರ ಲೆಕ್ಕಾಚಾರ ಕಂಡು ಇಂದಿನ ಎಂಜಿನಿಯರುಗಳೂ ತಲೆದೂಗುತ್ತಾರೆ.

ಮಕ್ಕಳಿಗೆ ಮೇಲಿನ ಪಿಸುಗುಟ್ಟುವ ಮೊಗಸಾಲೆಗೆ ಹೋಗುವ ಆತುರ. ಮೆಟ್ಟಿಲುಗಳ ಕಡೆಗೆ ಓಡಲು ಹೊರಟವರನ್ನು ಚಾಚಾ ತಡೆದರು. "ಮೊದಲ ಇಲ್ಲಿ ನಿಂದ್ರರಿ. ಇದು ಖಬರಸ್ಥಾನ ಐತಿ. ಸಲಾಂ ಹೇಳ್ರಿ, ದುಆ ಮಾಡ್ರಿ, ಆಮ್ಯಾಲ ಹತ್ತೋಣಂತ" ಎಂದರು. ನಮ್ಮಲ್ಲಿ ಕೆಲವರು ಆಗ ನಾಚಿಕೆಯಿಂದ ಮುಖಮುಖ ನೋಡಿಕೊಂಡೆವು. ಶಾಲೆಯ ಪ್ರವಾಸದಲ್ಲಿ ಬಂದಿದ್ದಾಗ ಇದೇ ಗುಮ್ಮಟದ ಕೆಳಗೆ ಗಂಟಲು ಹರಿಯುವಂತೆ ಕೂಗಿದ್ದ ನೆನಪು ನಮಗೂ ಇತ್ತು. ಗೋಲ ಗುಂಬಜವೆಂದರೆ ಪ್ರತಿಧ್ವನಿ ಎಂದಷ್ಟೇ ನಾವೂ ಕಲಿತಿದ್ದೆವು.

ನಡುವಿನ ಎತ್ತರದ ಕಟ್ಟೆಯ ಮೇಲೆ ಮುಹಮ್ಮದ್ ಆದಿಲ್ ಶಾ ಅವರ ಮತ್ತು ಅವರ ಕುಟುಂಬದವರ ಗೋರಿಗಳ ಗುರುತುಗಳಿವೆ. ನಿಜವಾದ ಖಬರ್‌ಗಳಿರುವುದು ಅದರ ಕೆಳಗಿನ ನೆಲಮಾಳಿಗೆಯಲ್ಲಿ. 1627ರಿಂದ 1656ರವರೆಗೆ ಆಳಿದ ಈ ಸುಲ್ತಾನರ ಮರಣದ ವರ್ಷವನ್ನು, ಅಂದರೆ ಹಿಜರಿ 1067ನ್ನು, ಬಾಗಿಲ ಮೇಲಿನ ಪರ್ಷಿಯನ್ ಬರಹ ಅಕ್ಷರಗಳ ಲೆಕ್ಕದಲ್ಲಿ ಮೂರು ಬಾರಿ ಹೇಳುತ್ತದೆ. ತನ್ನ ಕಾಲದ ಜಗತ್ತಿನ ಅತಿದೊಡ್ಡ ಗುಮ್ಮಟಗಳಲ್ಲೊಂದನ್ನು ಕಟ್ಟಿಸಿದ ಅರಸನಿಗೆ ಕೊನೆಗೆ ಸಿಕ್ಕಿದ್ದು ಎಲ್ಲರಿಗೂ ಸಿಗುವಷ್ಟೇ ಉದ್ದದ ಮಣ್ಣು. ಆ ಮಣ್ಣಿನ ಮೇಲೆ ದಿನವಿಡೀ ಸಿಳ್ಳೆ, ಕೇಕೆ, ಚಪ್ಪಾಳೆ.

ಪ್ರವಾದಿವರ್ಯರು(ಸ) ಗೋರಿಗಳನ್ನು ಸಂದರ್ಶಿಸಲು ಅನುಮತಿಸಿದ್ದು ಅದು ಪರಲೋಕವನ್ನು ನೆನಪಿಸುತ್ತದೆ ಎಂಬ ಕಾರಣಕ್ಕೆ. ಗೋರಿಯ ಮೇಲೆ ಕಟ್ಟಡ ಕಟ್ಟುವುದನ್ನು ಅವರು ತಡೆದರೆಂಬುದೂ ಹದೀಸ್‌ಗಳಲ್ಲಿದೆ. ಈ ಎರಡೂ ಮಾತುಗಳನ್ನು ನಾವು ಮಕ್ಕಳಿಗೆ ಅದೇ ಗುಮ್ಮಟದ ಕೆಳಗೆ ನಿಂತು ಹೇಳಿದೆವು. ಕಲೆಯನ್ನು ಮೆಚ್ಚುವುದರಲ್ಲಿ ತಪ್ಪಿಲ್ಲ, ಕಟ್ಟಿದ ಕೈಗಳಿಗೆ ಗೌರವ ಸಲ್ಲಬೇಕು. ಆದರೆ ಅರಸರು ಮಾಡಿದ್ದೆಲ್ಲವೂ ಇಸ್ಲಾಮಿನ ಆದರ್ಶವಲ್ಲ. ಹೆಸರು ಮುಸ್ಲಿಮರದ್ದು ಎಂಬ ಮಾತ್ರಕ್ಕೆ ಅವರ ಪ್ರತಿಯೊಂದು ಕೆಲಸವನ್ನೂ ಸಮರ್ಥಿಸುವ ಹೊಣೆ ನಮ್ಮ ಮೇಲಿಲ್ಲ. ಹಾಗೆಯೇ ಅವರನ್ನು ದೂಷಿಸುವವರ ಮಾತಿಗೆಲ್ಲ ತಲೆತಗ್ಗಿಸುವ ಅಗತ್ಯವೂ ಇಲ್ಲ. ಅವರ ಲೆಕ್ಕ ಅಲ್ಲಾಹನ ಬಳಿಯಲ್ಲಿದೆ.

ಆನಂತರ ಮೆಟ್ಟಿಲು ಹತ್ತಿದೆವು. ನೆಲದಿಂದ ಸುಮಾರು 33 ಮೀಟರ್ ಎತ್ತರದ ಮೊಗಸಾಲೆಯಲ್ಲಿ ಮಕ್ಕಳು ಗೋಡೆಗೆ ಬಾಯಿಯಿಟ್ಟು ಮೆಲ್ಲನೆ 'ಅಸ್ಸಲಾಮು ಅಲೈಕುಂ' ಎಂದರು. ಎದುರು ಬದಿಯಲ್ಲಿ ಕಿವಿಗೊಟ್ಟು ನಿಂತಿದ್ದ ಮುದುಕಿಯೊಬ್ಬರು ನಗುತ್ತಾ ಉತ್ತರ ಕೊಟ್ಟರು. ಕೂಗಬೇಕಾಗಿಲ್ಲ, ಪಿಸುಮಾತೇ ಸಾಕು ಎಂಬುದು ಆ ಕಟ್ಟಡದ ನಿಜವಾದ ಅದ್ಭುತ.

ಮುಗಿಯದ ಮಸೀದಿ

ಝುಹರ್‌ನ ಹೊತ್ತಿಗೆ ಜಾಮಿಅ ಮಸೀದಿಗೆ ಬಂದೆವು. ಗುಂಬಜದಿಂದ ನೈರುತ್ಯಕ್ಕೆ, ಟಾಂಗಾದಲ್ಲಿ ಸ್ವಲ್ಪ ಹೊತ್ತಿನ ದಾರಿ. ಒಂದನೆಯ ಅಲಿ ಆದಿಲ್ ಶಾ (1558–1580) ಅವರು 1565ರ ತಾಳಿಕೋಟೆ ಕದನದ ನಂತರದ ವರ್ಷಗಳಲ್ಲಿ ಇದನ್ನು ಕಟ್ಟಿಸಲು ಆರಂಭಿಸಿದರು. ಆ ಯುದ್ಧದಲ್ಲಿ ಗೆದ್ದವರ ಸಂಪತ್ತು ಹೆಚ್ಚಿತು, ಸೋತ ವಿಜಯನಗರ ಪಾಳುಬಿದ್ದಿತು. ಹಂಪಿಯನ್ನು ನೋಡಿ ಬಂದಿದ್ದ ಹುಡುಗನೊಬ್ಬ ಈ ಬಗ್ಗೆ ನೇರವಾಗಿಯೇ ಕೇಳಿದ. ನಾವು ಮುಚ್ಚಿಡಲಿಲ್ಲ. ಯುದ್ಧಗಳನ್ನು ರಾಜರು ರಾಜ್ಯಕ್ಕಾಗಿ ಮಾಡಿದರು, ದೀನಿನ ಹೆಸರಿನಲ್ಲಿ ಅದಕ್ಕೆ ಬಣ್ಣ ಬಳಿಯುವುದು ದೀನಿಗೇ ಅನ್ಯಾಯ, ನಿರಪರಾಧಿಗಳ ನೋವು ಯಾರದ್ದಾದರೂ ನೋವೇ ಎಂದು ಹೇಳಿದೆವು.

ಮಸೀದಿಯ ಒಳಗಿನ ಗಾಂಭೀರ್ಯ ಬೇರೆಯೇ ತೆರನಾದದ್ದು. ಸಾಲುಸಾಲು ಕಮಾನುಗಳು, ಬಿಳಿಯ ಗೋಡೆಗಳು, ಮೇಲೆ ಈರುಳ್ಳಿಯಾಕಾರದ ದೊಡ್ಡ ಗುಮ್ಮಟ, ಅಂಗಳದ ನಡುವೆ ಹೌಝ್. ಮುಹಮ್ಮದ್ ಆದಿಲ್ ಶಾ ಅವರ ಕಾಲದಲ್ಲಿ ಮಿಹ್ರಾಬಿಗೆ ಚಿನ್ನದ ಮತ್ತು ಬಣ್ಣದ ಅಲಂಕಾರ ಮಾಡಿಸಲಾಯಿತು. ಆದರೆ ನಮ್ಮ ಕಣ್ಣು ನಿಂತದ್ದು ನೆಲದ ಮೇಲೆ. ಎರಡು ಸಾವಿರಕ್ಕೂ ಹೆಚ್ಚು ಮುಸಲ್ಲಾಗಳ ಆಕಾರವನ್ನು ನೆಲದಲ್ಲಿಯೇ ಗೆರೆಯೆಳೆದು ಗುರುತಿಸಿದ್ದಾರೆ. ಎಲ್ಲವೂ ಒಂದೇ ಅಳತೆಯವು. ವಝೀರನಿಗೊಂದು, ಹಮಾಲಿಗೊಂದು ಎಂಬ ಭೇದವಿಲ್ಲ.

ಈ ಮಸೀದಿ ಯೋಜಿಸಿದಂತೆ ಪೂರ್ಣಗೊಳ್ಳಲೇ ಇಲ್ಲ. ಎದ್ದು ನಿಲ್ಲಬೇಕಾಗಿದ್ದ ಮಿನಾರಗಳು ನಿಲ್ಲಲಿಲ್ಲ. ಪೂರ್ವದ ಮಹಾದ್ವಾರ ಔರಂಗಝೇಬರ ಕಾಲದ ಸೇರ್ಪಡೆ. ಆದರೆ ಕಟ್ಟಡ ಅಪೂರ್ಣವೆಂದು ಇಲ್ಲಿ ಯಾರಿಗೂ ಅನ್ನಿಸುವುದಿಲ್ಲ, ಯಾಕೆಂದರೆ ಅದು ಬಳಕೆಯಲ್ಲಿದೆ. ಅಂದು ನಮ್ಮೊಂದಿಗೆ ಸಫ್‌ನಲ್ಲಿ ನಿಂತವರು ಅಂಗಡಿಯವರು, ಟಾಂಗಾ ಓಡಿಸುವವರು, ವಿದ್ಯಾರ್ಥಿಗಳು. ಅರಸೊತ್ತಿಗೆ ಅಳಿದು 300 ವರ್ಷಗಳಾದ ಮೇಲೂ ದಿನಕ್ಕೆ ಐದು ಹೊತ್ತು ಇಲ್ಲಿ ಸುಜೂದ್ ನಡೆಯುತ್ತಿದೆ.

ಪುಸ್ತಕಗಳು ಹೋದ ದಾರಿ

ಊಟದ ನಂತರ ಅಸರ್ ಮಹಲಿಗೆ ಹೋದೆವು. ಸುಮಾರು 1646ರಲ್ಲಿ ನ್ಯಾಯದಾನದ ಭವನವಾಗಿ ನಿರ್ಮಾಣಗೊಂಡು, ಮುಂದೆ ಪ್ರವಾದಿವರ್ಯರ(ಸ) ಪವಿತ್ರ ಕೇಶವೆಂದು ನಂಬಲಾದ ಅಸರ್ ಅನ್ನು ಇರಿಸುವ ಸ್ಥಳವಾಯಿತು. ಎದುರಿಗೆ ದೊಡ್ಡ ಕೊಳ, ಎತ್ತರದ ಮರದ ಕಂಬಗಳ ಪಡಸಾಲೆ, ಒಳಗೆ ಮಾಸಿದ ಭಿತ್ತಿಚಿತ್ರಗಳು. ಆದರೆ ಈ ಮಹಲಿನ ಇನ್ನೊಂದು ಸಂಪತ್ತಿನ ವಿಷಯ ಹೆಚ್ಚಿನವರಿಗೆ ತಿಳಿದಿಲ್ಲ. ಆದಿಲ್ ಶಾಹಿ ಅರಸರ ಗ್ರಂಥಭಂಡಾರದಲ್ಲಿ ಉಳಿದಿದ್ದ ಅರಬಿ, ಪರ್ಷಿಯನ್ ಹಸ್ತಪ್ರತಿಗಳು ಇಲ್ಲಿದ್ದವು. 19ನೆಯ ಶತಮಾನದ ನಡುವಿನಲ್ಲಿ ಅವುಗಳನ್ನು ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯಕ್ಕೆ ಸಾಗಿಸಲಾಯಿತು. ಇಂದು ಅವು ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿವೆ.

ಬ್ರಿಟಿಷರು ಒಯ್ದರೆಂದು ಕೋಪಿಸಿಕೊಳ್ಳುವುದು ಸುಲಭ. ಆದರೆ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಅವು ಇಲ್ಲಿಯೇ ಇದ್ದಿದ್ದರೆ ಓದುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ? ಗೋಲ ಗುಂಬಜದ ಬಾಗಿಲ ಮೇಲಿನ ಬರಹವನ್ನು ಅಂದು ನಮ್ಮ ತಂಡದಲ್ಲಿ ಯಾರಿಗೂ ಓದಲಾಗಲಿಲ್ಲ, ಚಾಚಾ ಅವರೇ ಓದಿ ಹೇಳಬೇಕಾಯಿತು. ಇದೇ ನಗರದಲ್ಲಿ ಫಿರಿಶ್ತಾ ಕುಳಿತು ದಖ್ಖನಿನ ಚರಿತ್ರೆಯನ್ನು ಬರೆದರು. ಊರ ಹೊರಗಿನ ಶಾಹಪುರ ದಿಬ್ಬದಲ್ಲಿ ಮೀರಾಂಜಿ ಶಮ್ಸುಲ್ ಉಶ್ಶಾಖ್, ಬುರ್‌ಹಾನುದ್ದೀನ್ ಜಾನಂ, ಅಮೀನುದ್ದೀನ್ ಆಲಾ ಎಂಬ ಮೂರು ತಲೆಮಾರಿನ ಸೂಫಿಗಳು ಸಾಮಾನ್ಯರಿಗೆ ಅರ್ಥವಾಗುವ ದಖ್ಖನಿಯಲ್ಲಿ ಬೋಧಿಸಿದರು. ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಮುಂದೆ ಹೆಂಗಸರು ಹಾಡುವ ಹಾಡುಗಳಾಗಿ ಆ ಪರಂಪರೆಯ ಬೋಧನೆ ಮನೆಮನೆ ಸೇರಿತು. ನಮ್ಮ ಅಜ್ಜಿಯರ ನಾಲಗೆಯಲ್ಲಿ ಆ ಹಾಡುಗಳ ತುಣುಕುಗಳು ಇನ್ನೂ ಇದ್ದರೆ ಅವುಗಳನ್ನು ಬರೆದಿಡುವವರು ನಾವೇ ಆಗಬೇಕು. ಅದನ್ನು ಲಂಡನ್ನಿಗೆ ಯಾರೂ ಒಯ್ದಿಲ್ಲ. ಕಳೆದುಹೋದರೆ ನಮ್ಮ ಅಲಕ್ಷ್ಯದಿಂದಲೇ ಕಳೆದುಹೋಗುತ್ತದೆ.

ತೆರೆದ ಆಕಾಶದ ಗೋರಿಗಳು

ಅಲ್ಲಿಂದ ಅರಕಿಲ್ಲೆ, ಅಂದರೆ ಒಳಕೋಟೆ. ಇಲ್ಲಿರುವ ಕರೀಮುದ್ದೀನ್ ಮಸೀದಿ ಆದಿಲ್ ಶಾಹಿಗಳಿಗಿಂತಲೂ ಹಳೆಯದು, 1320ರದ್ದು. ಅದರ ಕಂಬಗಳು ಅದಕ್ಕೂ ಮೊದಲಿನ ಕಟ್ಟಡಗಳವು ಎಂಬುದು ನೋಡಿದೊಡನೆ ತಿಳಿಯುತ್ತದೆ. ಅದನ್ನು ಕಟ್ಟಿದ ಕಸುಬುದಾರ ಸಾಲೋಟಗಿಯ ರೇವಯ್ಯ ಎಂಬುದನ್ನು ಅಲ್ಲಿನ ಶಾಸನ ಹೇಳುತ್ತದೆ. ಈ ಎರಡು ಸಂಗತಿಗಳಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಬಿಡುವವರು ಚರಿತ್ರೆಯನ್ನು ಅರ್ಧ ಹೇಳುತ್ತಾರೆ. ಕಲ್ಲುಗಳ ಹಿಂದಿನ ನೋವನ್ನೂ ಒಪ್ಪಿಕೊಂಡು, ಅದೇ ಕಲ್ಲುಗಳ ನಡುವೆ ಕೂಡಿ ದುಡಿದವರ ಹೆಸರನ್ನೂ ನೆನೆಯುವುದು ನ್ಯಾಯ. ನ್ಯಾಯವು ನಮ್ಮ ವಿರುದ್ಧವೇ ಇದ್ದರೂ ಅದಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕೆಂಬುದು ಕುರ್‌ಆನಿನ ಬೋಧನೆ.

ಸಮೀಪದಲ್ಲಿಯೇ 1561ರ ಗಗನ ಮಹಲ್. ಅದರ ಮಧ್ಯದ ವಿಶಾಲ ಕಮಾನಿನ ಕೆಳಗೆ ಹಿಂದೆ ದರ್ಬಾರು ನಡೆಯುತ್ತಿತ್ತು. 1686ರಲ್ಲಿ ಕೊನೆಯ ಸುಲ್ತಾನ್, ಇನ್ನೂ ತರುಣರಾಗಿದ್ದ ಸಿಕಂದರ್ ಆದಿಲ್ ಶಾ, ಇಲ್ಲಿಯೇ ಔರಂಗಝೇಬರ ಮುಂದೆ ಬಂದು ನಿಂತರೆಂದು ಊರವರು ಹೇಳುತ್ತಾರೆ. ಮುಸ್ಲಿಮ್ ಅರಸನೊಬ್ಬ ಮುಸ್ಲಿಮ್ ಅರಸನ ರಾಜ್ಯವನ್ನು ಕಸಿದ ಈ ಘಟನೆಯನ್ನು, ಚರಿತ್ರೆಯೆಲ್ಲವೂ ಎರಡು ಧರ್ಮಗಳ ಜಗಳವೆಂದು ಹೇಳುವವರು ನೆನಪಿಟ್ಟುಕೊಳ್ಳಬೇಕು.

ಮುಂದಿನದು ಬಾರಾ ಕಮಾನ್. ಎರಡನೆಯ ಅಲಿ ಆದಿಲ್ ಶಾ (1656–1672) ತಂದೆಯ ಗುಂಬಜದಂತೆಯೇ ತನಗೂ ಒಂದು ಭವ್ಯ ಸಮಾಧಿ ಕಟ್ಟಲು ತೊಡಗಿದರು. ಅದು ಮುಗಿಯಲಿಲ್ಲ. ಎತ್ತರದ ಪೀಠದ ಮೇಲೆ ಕಪ್ಪು ಕಲ್ಲಿನ ಕಮಾನುಗಳು ಮಾಡಿಲ್ಲದೆ ನಿಂತಿವೆ, ನಡುವೆ ಗೋರಿಗಳು, ಮೇಲೆ ಆಕಾಶ. ಮಸೀದಿಯೂ ಅಪೂರ್ಣ, ಇದೂ ಅಪೂರ್ಣ. ಮಸೀದಿಯ ಅಪೂರ್ಣತೆ ನಮಗೆ ಕಾಣಿಸಲೇ ಇಲ್ಲ, ಇಲ್ಲಿ ಅದರ ಹೊರತು ಬೇರೇನೂ ಕಾಣಿಸುವುದಿಲ್ಲ. ಸಿಕಂದರರ ಗೋರಿಯೂ ಇದೇ ನಗರದಲ್ಲಿ ಗುಮ್ಮಟವಿಲ್ಲದ ಸರಳ ಅಂಗಳವೊಂದರಲ್ಲಿದೆ. ಅವರನ್ನು ಸೋಲಿಸಿದ ಔರಂಗಝೇಬರು 1707ರಲ್ಲಿ ನಿಧನರಾಗಿ ಖುಲ್ದಾಬಾದಿನಲ್ಲಿ ತೆರೆದ ಆಕಾಶದ ಕೆಳಗೆ ಮಲಗಿದ್ದಾರೆ. ಸೋತವರಿಗೂ ಗೆದ್ದವರಿಗೂ ಕೊನೆಗೆ ಒಂದೇ ಬಗೆಯ ಗೋರಿ.

ಪಶ್ಚಿಮದ ಕೋಟೆಗೋಡೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪನ್ನು ನೋಡಿದೆವು. 1549ರಲ್ಲಿ ಅಹ್ಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪಿನ ಬಾಯಿ ಆನೆಯನ್ನು ಕಚ್ಚಿದ ಸಿಂಹದ ಮುಖದಂತಿದೆ. ಅದನ್ನು ಗೆದ್ದು ತಂದವರ ರಾಜ್ಯವನ್ನೂ ಅದು ಉಳಿಸಲಿಲ್ಲ. ನಗರ ಗೆದ್ದ ಔರಂಗಝೇಬರ ಬರಹವೂ ಅದರ ಮೇಲೆಯೇ ಕೆತ್ತಲ್ಪಟ್ಟಿತು.

ನೀರಿನ ಬಳಿ

ತಾಜ್ ಬಾವಡಿಗೆ ಬಂದಾಗ ಬಿಸಿಲು ಇಳಿಯತೊಡಗಿತ್ತು. ಒಂದು ದಿನದ ಪ್ರವಾಸಿಗರು ಹೆಚ್ಚಾಗಿ ಇದನ್ನು ಬಿಟ್ಟು ನೇರವಾಗಿ ಇಬ್ರಾಹೀಂ ರೋಜಾಕ್ಕೆ ಹೋಗುತ್ತಾರಂತೆ. ಎರಡನೆಯ ಇಬ್ರಾಹೀಂ ಆದಿಲ್ ಶಾ (1580–1627) ಅವರು ರಾಣಿ ತಾಜ್ ಸುಲ್ತಾನರ ಹೆಸರಿನಲ್ಲಿ 1620ರಲ್ಲಿ ಕಟ್ಟಿಸಿದ ಬಾವಡಿಯಿದು. ಎರಡೂ ಪಕ್ಕಗಳಲ್ಲಿ ಅಷ್ಟಕೋನದ ಗೋಪುರಗಳಿರುವ ದೊಡ್ಡ ಕಮಾನಿನ ಬಾಗಿಲು ದಾಟಿ ಮೆಟ್ಟಿಲಿಳಿದರೆ, ಪ್ರತಿ ಬದಿಯೂ 200 ಅಡಿಗಿಂತ ಹೆಚ್ಚಿರುವ ಚೌಕದ ಜಲಾಶಯ. ಬದಿಗಳಲ್ಲಿ ದೂರದಿಂದ ಬಂದ ಪ್ರಯಾಣಿಕರು ತಂಗಲು ಕೋಣೆಗಳು.

ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಇಂಥದೊಂದು ಮಹಾನಗರ ಬದುಕಿದ್ದೇ ನೀರಿನ ವ್ಯವಸ್ಥೆಯಿಂದ. ಪಶ್ಚಿಮದ ತೊರವಿಯ ಕಡೆಯಿಂದ ನೆಲದಡಿ ಸುರಂಗ ಕೊರೆದು, ಅಲ್ಲಲ್ಲಿ ಗಾಳಿ ಬೆಳಕಿಗೆ ಮತ್ತು ದುರಸ್ತಿಗೆ ಬಾವಿಯಂಥ ಕಂಡಿಗಳನ್ನು ಬಿಟ್ಟು, ಇಳಿಜಾರಿನ ಬಲದಿಂದಲೇ ನೀರನ್ನು ನಗರಕ್ಕೆ ಹರಿಸಿದರು. ಕುಮಾರ ವಾಲ್ಮೀಕಿ ಕನ್ನಡದಲ್ಲಿ ರಾಮಾಯಣ ರಚಿಸಿದ ತೊರವೆ ಇದುವೇ. ಮುಹಮ್ಮದ್ ಆದಿಲ್ ಶಾ ಅವರು ಜಹಾನ್ ಬೇಗಂ ಹೆಸರಿನಲ್ಲಿ 1651ರಲ್ಲಿ ನಗರದ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದರು. ಅಲ್ಲಿಂದ ಮಣ್ಣಿನ ಕೊಳವೆಗಳ ಮೂಲಕ ಊರೊಳಗೆ ನೀರು ಬರುತ್ತಿತ್ತು. ದಾರಿಯುದ್ದಕ್ಕೂ ನಿಲ್ಲಿಸಿದ ನೀರಿನ ಗೋಪುರಗಳು ಕೊಳವೆಗಳು ಒಡೆಯದಂತೆ ಒತ್ತಡವನ್ನು ತಗ್ಗಿಸುತ್ತಿದ್ದವು. ಒಂದನೆಯ ಅಲಿ ಆದಿಲ್ ಶಾ ಅವರ ಕಾಲದ ಚಾಂದ್ ಬಾವಡಿ ರಾಣಿ ಚಾಂದ್ ಬೀಬಿಯ ಹೆಸರನ್ನು ಹೊತ್ತಿದೆ.

ಇಲ್ಲಿ ಮೆಟ್ಟಿಲುಗಳ ಮೇಲೆ ಕುಳಿತಾಗ ನಮಗೊಂದು ಹದೀಸ್ ನೆನಪಾಯಿತು. ಹಝ್ರತ್ ಸಅದ್ ಬಿನ್ ಉಬಾದ(ರ) ಅವರು ತೀರಿಹೋದ ತಮ್ಮ ತಾಯಿಯ ಪರವಾಗಿ ಯಾವ ದಾನ ಶ್ರೇಷ್ಠವೆಂದು ಕೇಳಿದಾಗ ಪ್ರವಾದಿವರ್ಯರು(ಸ) ನೀರು ಎಂದು ಉತ್ತರಿಸಿದರು. ಅವರು ತಾಯಿಯ ಹೆಸರಿನಲ್ಲಿ ಬಾವಿ ತೋಡಿಸಿದರು. ಮದೀನಾದಲ್ಲಿ ನೀರಿಗೆ ಕಷ್ಟವಿದ್ದಾಗ ಹಝ್ರತ್ ಉಸ್ಮಾನ್(ರ) ಅವರು ರೂಮಾ ಬಾವಿಯನ್ನು ಖರೀದಿಸಿ ಎಲ್ಲರಿಗೂ ಬಿಟ್ಟುಕೊಟ್ಟರು. ಮನುಷ್ಯನು ಸತ್ತಾಗ ಅವನ ಕರ್ಮಗಳು ನಿಂತುಹೋಗುತ್ತವೆ, ನಿರಂತರ ಫಲ ನೀಡುವ ದಾನ, ಪ್ರಯೋಜನಕಾರಿ ಜ್ಞಾನ ಮತ್ತು ಪ್ರಾರ್ಥಿಸುವ ಸಜ್ಜನ ಸಂತಾನ ಎಂಬ ಮೂರರ ಹೊರತು ಎಂಬುದು ನಮಗೆಲ್ಲ ತಿಳಿದ ಪ್ರವಾದಿ ವಚನದ ಸಾರ.

ಆಗ ಇಡೀ ದಿನದ ನೋಟ ಬೇರೊಂದು ಕ್ರಮದಲ್ಲಿ ನಮ್ಮ ಮುಂದೆ ನಿಂತಿತು. ಮುಹಮ್ಮದ್ ಆದಿಲ್ ಶಾ ಅವರು ಗೋಲ ಗುಂಬಜವನ್ನೂ ಕಟ್ಟಿಸಿದರು, ಬೇಗಂ ತಲಾಬನ್ನೂ ಕಟ್ಟಿಸಿದರು. ಇಬ್ರಾಹೀಂ ಆದಿಲ್ ಶಾ ಅವರು ರೋಜಾವನ್ನೂ ಬಿಟ್ಟುಹೋದರು, ತಾಜ್ ಬಾವಡಿಯನ್ನೂ ಬಿಟ್ಟುಹೋದರು. ಒಂದೇ ಕೈ, ಎರಡು ಬಗೆಯ ಕೆಲಸ. ಒಂದನ್ನು ನೋಡಲು ದೂರದೂರದಿಂದ ಜನ ಟಿಕೆಟ್ ಪಡೆದು ಬರುತ್ತಾರೆ. ಇನ್ನೊಂದರಿಂದ ಹಸಿದ ದನಕರುಗಳೂ ದಾರಿಹೋಕರೂ ಜಾತಿಮತ ಕೇಳದೆ ಶತಮಾನಗಳ ಕಾಲ ದಾಹ ತೀರಿಸಿಕೊಂಡರು. ಯಾವುದರ ಪ್ರತಿಫಲ ಗೋರಿಯ ಒಳಗೆ ತಲುಪಿರಬಹುದು? ನಿರ್ಣಯ ಅಲ್ಲಾಹನದ್ದು. ಆದರೆ ಯಾವ ದಾರಿಯನ್ನು ಆರಿಸಿಕೊಳ್ಳಬೇಕೆಂದು ನಮಗೆ ಪ್ರವಾದಿವರ್ಯರು(ಸ) ಹೇಳಿಕೊಟ್ಟಿದ್ದಾರೆ.

ಈ ಬಾವಡಿಗಳು ಬಹುಕಾಲ ಹೂಳು ತುಂಬಿ, ಕಸದ ತಾಣಗಳಾಗಿದ್ದವು. ಇತ್ತೀಚಿನ ವರ್ಷಗಳಲ್ಲಿ ತಾಜ್ ಬಾವಡಿಯೂ ಸೇರಿ ಹಲವು ಬಾವಡಿಗಳ ಹೂಳು ತೆಗೆಸಲಾಗಿದೆ. ಸಂತೋಷದ ವಿಷಯ. ಆದರೆ ನಾವು ಕುಳಿತಿದ್ದಾಗಲೇ ನೀರಿನಂಚಿನಲ್ಲಿ ಪ್ಲಾಸ್ಟಿಕ್ ಚೀಲಗಳು ತೇಲುತ್ತಿದ್ದವು. ಗುಮ್ಮಟದ ಬಗ್ಗೆ ಹೆಮ್ಮೆಪಡುವ ನಾವು ಬಾವಡಿಯ ಬಗ್ಗೆ ಹೊಣೆಗಾರರಾಗಿದ್ದೇವೆಯೇ? ಹೆಮ್ಮೆಗೆ ಖರ್ಚಿಲ್ಲ, ಹೊಣೆಗಾರಿಕೆಗೆ ಬೆವರು ಬೇಕು.

ದಿನದ ಕೊನೆಗೆ

ಹತ್ತಿರದ ಮಸೀದಿಯೊಂದರಲ್ಲಿ ಅಸರ್ ನಮಾಝ್ ಮುಗಿಸಿ ಇಬ್ರಾಹೀಂ ರೋಜಾ ತಲುಪಿದೆವು. ಒಂದೇ ಪೀಠದ ಮೇಲೆ ಎದುರುಬದುರಾಗಿ ಸಮಾಧಿ ಮತ್ತು ಮಸೀದಿ, ನಡುವೆ ಕೊಳ. ಗೋಡೆಗಳ ತುಂಬ, ಕಿಟಕಿಯ ಕಲ್ಲಿನ ಜಾಲರಿಗಳಲ್ಲಿಯೂ ಅರಬಿ ಅಕ್ಷರಗಳ ಕೆತ್ತನೆ. ನಿರ್ಮಾಣದ ಹೊಣೆ ಹೊತ್ತ ಮಲಿಕ್ ಸಂದಲರ ಹೆಸರನ್ನು ಶಾಸನ ಉಳಿಸಿದೆ. ಇಬ್ರಾಹೀಂ ಆದಿಲ್ ಶಾ ಅವರಿಗೆ ಸಂಗೀತದಲ್ಲಿ ಅಪಾರ ಒಲವು. 'ಕಿತಾಬ್-ಎ-ನೌರಸ್' ಎಂಬ ಅವರ ದಖ್ಖನಿ ಗೀತೆಗಳ ಕೃತಿಯಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯೂ ಇದೆ. ಜನ ಅವರನ್ನು ಜಗದ್ಗುರು ಎಂದು ಕರೆದರು. ತೌಹೀದಿನ ದೃಷ್ಟಿಯಿಂದ ಅವರ ಆ ದಾರಿ ನಮ್ಮದಲ್ಲ, ಅದನ್ನು ಹೇಳಲು ಹಿಂಜರಿಯಬೇಕಾಗಿಲ್ಲ. ಆದರೆ ಬೇರೆ ಬೇರೆ ಧರ್ಮದ ಪ್ರಜೆಗಳು ಆ ಆಡಳಿತವನ್ನು ತಮ್ಮದೆಂದು ಭಾವಿಸಿದರು ಎಂಬುದನ್ನು ಮರೆಮಾಚಬೇಕಾಗಿಯೂ ಇಲ್ಲ. ಪ್ರಜೆಗಳ ಪ್ರೀತಿ ಬಲವಂತದಿಂದ ಬರುವಂಥದ್ದಲ್ಲ.

ಬಾಗಿಲು ಮುಚ್ಚುವ ಹೊತ್ತಾಯಿತು. ಚಾಚಾ ಮಕ್ಕಳನ್ನು ಕೂರಿಸಿಕೊಂಡು, ಇಂದು ನೋಡಿದ್ದರಲ್ಲಿ ನಿಮಗೆ ಯಾವುದು ಬೇಕು ಎಂದು ಕೇಳಿದರು. ಒಬ್ಬ ಗುಮ್ಮಟ ಎಂದ, ಇನ್ನೊಬ್ಬ ತೋಪು ಎಂದ. ಏಳು ವರ್ಷದ ಬಾಲಕಿಯೊಬ್ಬಳು, "ಬಾವಡಿ, ಆದರೆ ಕಸ ಇಲ್ಲದ್ದು" ಎಂದಳು. ಚಾಚಾ ಅವಳ ತಲೆ ಸವರಿ ಏನೋ ದುಆ ಮಾಡಿದರು.

ಪ್ರಿಯ ಓದುಗರೇ, ಬಿಜಾಪುರಕ್ಕೆ ಹೋಗಿರಿ. ಬೀದರ್, ಕಲಬುರಗಿ, ಶ್ರೀರಂಗಪಟ್ಟಣಗಳಿಗೂ ಹೋಗಿರಿ. ಗೋರಿಯ ಮುಂದೆ ಕೂಗಬೇಡಿರಿ, ಸಲಾಂ ಹೇಳಿ ಮಗ್ಫಿರತ್‌ಗಾಗಿ ಪ್ರಾರ್ಥಿಸಿರಿ. ಹೊತ್ತಾದಾಗ ಅಲ್ಲಿನ ಮಸೀದಿಯಲ್ಲಿ ಸಫ್ ಸೇರಿರಿ. ಒಂದು ಬಾವಡಿಯನ್ನಾದರೂ ತಪ್ಪದೆ ನೋಡಿರಿ, ಬರುವಾಗ ಅದರ ಅಂಚಿನಿಂದ ಒಂದು ಚೀಲ ಕಸವನ್ನಾದರೂ ಹೊರಗೆ ತನ್ನಿರಿ. ನಿಮ್ಮ ಊರಿನಲ್ಲಿ ವಕ್ಫ್‌ನ ಹಳೆಯ ಬಾವಿಯೊಂದು ಪಾಳುಬಿದ್ದಿದ್ದರೆ, ತೀರಿಹೋದ ನಿಮ್ಮ ತಂದೆ ತಾಯಿಯ ಹೆಸರಿನಲ್ಲಿ ಅದನ್ನು ಹಸನು ಮಾಡಿಸಿರಿ. ಗುಮ್ಮಟ ಕಟ್ಟುವ ಶಕ್ತಿ ಅಲ್ಲಾಹನು ನಮಗೆ ಕೊಟ್ಟಿಲ್ಲ. ಅದರ ಲೆಕ್ಕವನ್ನೂ ಅವನು ನಮ್ಮಿಂದ ಕೇಳುವುದಿಲ್ಲ. ಆದರೆ ಬಾಯಾರಿದವನಿಗೆ ನೀರು ಕೊಡುವ ಶಕ್ತಿ ನಮ್ಮಲ್ಲಿ ಪ್ರತಿಯೊಬ್ಬರಿಗೂ ಇದೆ. ಅದರ ಲೆಕ್ಕವನ್ನು ಅವನು ಕೇಳುತ್ತಾನೆ.

ನಿಂತುಹೋಗದ ಕರ್ಮಗಳನ್ನು ಮಾಡುವ ತೌಫೀಕನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.